ವ್ಯಾಪಾರಕ್ಕೂ ಮನೆಗೂ ಒಂದೇ ಫೋನ್: ಐಫೋನ್ 17 ಕೊಳ್ಳುವುದೇ, ಗ್ಯಾಲಕ್ಸಿ ಎಸ್25 ಕೊಳ್ಳುವುದೇ?

ಭೋಸರಿ ವರ್ಕ್‌ಶಾಪ್, ಪುಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಜಾಬ್ ವರ್ಕ್ (ಕಂಪ್ಯೂಟರ್ ನಿಯಂತ್ರಿತ ಮಶೀನಿನಲ್ಲಿ ಬೇರೆಯವರಿಗಾಗಿ ಬಿಡಿಭಾಗ ತಯಾರಿಸುವ ಕೆಲಸ) ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಈಗ ನನ್ನ ಬಳಿ ಎರಡು ಹಳೆಯ ಆಂಡ್ರಾಯ್ಡ್ ಫೋನ್‌ಗಳಿವೆ. ಒಂದರಲ್ಲಿ ಚಲನ್, ಬಿಲ್ ಪುಸ್ತಕ, ಗೇಟಿನ ಬೋರ್ಡು ಎಲ್ಲದರ ಮೇಲೂ ಅಚ್ಚಾಗಿರುವ ವ್ಯಾಪಾರದ ನಂಬರ್ ಇದೆ. ಇನ್ನೊಂದರಲ್ಲಿ ಮನೆಯವರಿಗೆ, ಊರಿನವರಿಗೆ ಮತ್ತು ಬ್ಯಾಂಕಿಗೆ ಕೊಟ್ಟಿರುವ ಸ್ವಂತ ನಂಬರ್ ಇದೆ. ಎರಡರ ಬ್ಯಾಟರಿಯೂ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಒಂದಕ್ಕಂತೂ ಭದ್ರತಾ ಅಪ್‌ಡೇಟ್ ಬರುವುದೇ ನಿಂತುಹೋಗಿದೆ. ಆದ್ದರಿಂದ ಇನ್ನು ಐದಾರು ವರ್ಷ ಚಿಂತೆಯಿಲ್ಲದೆ ನಡೆಯುವಂತಹ ಒಂದೇ ಫೋನ್ ಕೊಳ್ಳಬೇಕೆಂದಿದ್ದೇನೆ.

ಎಂಬತ್ತೈದು ಸಾವಿರದವರೆಗೆ ಖರ್ಚು ಮಾಡಬಲ್ಲೆ. 256 ಜಿಬಿಯ ಐಫೋನ್ 17 2025ರಲ್ಲಿ ಬಿಡುಗಡೆಯಾದಾಗ ಅದರ ಬೆಲೆ 82,900 ರೂಪಾಯಿ ಇತ್ತು. ಅಷ್ಟೇ ಸಂಗ್ರಹದ ಗ್ಯಾಲಕ್ಸಿ ಎಸ್25 ಬಿಡುಗಡೆಯಾದಾಗ 80,999 ರೂಪಾಯಿ ಇತ್ತು. ಬೆಲೆಯಲ್ಲಿ ದೊಡ್ಡ ಅಂತರವಿಲ್ಲದ ಕಾರಣ ಕೆಲಸದ ದೃಷ್ಟಿಯಿಂದಲೇ ಆರಿಸಬೇಕಾಗಿದೆ. ಕಾಲೇಜಿಗೆ ಹೋಗುವ ಮಗಳು ಐಫೋನ್ ಎನ್ನುತ್ತಾಳೆ, ನಮ್ಮ ಸೂಪರ್‌ವೈಸರ್ ಸ್ಯಾಮ್‌ಸಂಗ್ ಎನ್ನುತ್ತಾನೆ.

ನನ್ನ ಅಗತ್ಯಗಳು ಇಷ್ಟು. ಎರಡೂ ನಂಬರುಗಳು ಒಂದೇ ಫೋನಿನಲ್ಲಿ ನಡೆಯಬೇಕು ಮತ್ತು ಎರಡು ವಾಟ್ಸ್‌ಆ್ಯಪ್ ಬೇರೆ ಬೇರೆಯಾಗಿಯೇ ಇರಬೇಕು. ಪಾರ್ಟಿಗಳು, ಅಂದರೆ ಕೆಲಸ ಕೊಡುವ ಗಿರಾಕಿಗಳು, ಕಳುಹಿಸುವ ಡ್ರಾಯಿಂಗ್‌ಗಳನ್ನು ಮಶೀನಿನ ಪಕ್ಕದಲ್ಲೇ ನಿಂತು ನೋಡುತ್ತೇನೆ; ವರ್ನಿಯರ್ ಕ್ಯಾಲಿಪರ್‌ನ ಅಳತೆ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆದು ಅವರಿಗೆ ಕಳುಹಿಸುತ್ತೇನೆ. ಫೋನಿನಲ್ಲೇ ದರ ಗೊತ್ತುಮಾಡಿಕೊಂಡ ಮೇಲೆ ಬಿಲ್ಲಿನ ಸಮಯಕ್ಕೆ ಮಾತು ಬದಲಾಗುವುದನ್ನು ಕಂಡಿರುವುದರಿಂದ ಕರೆಗಳ ರೆಕಾರ್ಡಿಂಗ್ ಕೂಡ ಬೇಕು. ಊರಿಗೆ ಕನ್ನಡದಲ್ಲಿ, ಇಲ್ಲಿನ ಕಾರ್ಮಿಕರಿಗೆ ಮರಾಠಿಯಲ್ಲಿ ಬರೆಯುತ್ತೇನೆ. ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಿಂಜವಡಿ, ಪುಣೆ

ಸರ್, ನಮಸ್ಕಾರ. ನಾನು ಮೂಲತಃ ಧಾರವಾಡದವಳು. ಸಂಸ್ಥೆಯೊಂದರಲ್ಲಿ ನೌಕರರ ಫೋನ್‌ಗಳ ಭದ್ರತೆಯನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ ಈ ಎರಡೂ ಬಗೆಯ ಫೋನ್‌ಗಳು ದಿನವೂ ಕೈಗೆ ಬರುತ್ತವೆ. ಕ್ಯಾಮೆರಾ ಅಥವಾ ಪ್ರೊಸೆಸರ್ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಈ ಬೆಲೆಯಲ್ಲಿ ಎರಡೂ ನಿಮ್ಮ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಕೊಡುತ್ತವೆ. ನೀವು ನಿಜವಾಗಿ ನೋಡಬೇಕಾದದ್ದು ಒಂದೇ: ವ್ಯಾಪಾರದ ಲೆಕ್ಕ, ಫೋಟೋ, ಸಂದೇಶಗಳು ಮನೆಯವುಗಳೊಡನೆ ಬೆರೆಯದಂತೆ ಯಾವ ಫೋನ್ ಇಡುತ್ತದೆ, ಮತ್ತು ನೀವು ಊರಿಗೆ ಹೋದಾಗ ಅಥವಾ ಫೋನ್ ಕೆಟ್ಟಾಗ ಆ ವ್ಯಾಪಾರದ ಭಾಗವನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡಲು ಯಾವುದರಲ್ಲಿ ಸುಲಭ.

ಎರಡು ನಂಬರಿನ ವಿಷಯಕ್ಕೆ ಬಂದರೆ, ಭಾರತದಲ್ಲಿ ಮಾರುವ ಐಫೋನ್ 17ರಲ್ಲಿ ಒಂದು ನ್ಯಾನೋ ಸಿಮ್ ಹಾಕಬಹುದು, ಎರಡನೆಯ ನಂಬರನ್ನು ಇ-ಸಿಮ್ (ಬಿಲ್ಲೆಯಿಲ್ಲದೆ ಫೋನಿನೊಳಗೇ ನೋಂದಾಯಿಸುವ ಸಿಮ್) ಮಾಡಿಸಿಕೊಳ್ಳಲೇಬೇಕು. ಎಸ್25ರಲ್ಲಿ ಎರಡು ನ್ಯಾನೋ ಸಿಮ್‌ಗಳಿಗೂ ಜಾಗವಿದೆ, ಇ-ಸಿಮ್ ಬೇಕೆಂದರೆ ಅದೂ ಇದೆ. ಎರಡು ವಾಟ್ಸ್‌ಆ್ಯಪ್ ಇಟ್ಟುಕೊಳ್ಳುವುದು ಎರಡರಲ್ಲೂ ಸಾಧ್ಯ: ಸ್ವಂತ ನಂಬರಿಗೆ ಸಾಧಾರಣ ವಾಟ್ಸ್‌ಆ್ಯಪ್, ಚಲನ್ ಮೇಲಿನ ನಂಬರಿಗೆ 2018ರಿಂದ ಇರುವ ವಾಟ್ಸ್‌ಆ್ಯಪ್ ಬಿಸಿನೆಸ್. ಇವೆರಡೂ ಬೇರೆ ಬೇರೆ ಆ್ಯಪ್‌ಗಳಾದ್ದರಿಂದ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಬಿಸಿನೆಸ್ ಆ್ಯಪ್‌ನಲ್ಲಿ ಪಾರ್ಟಿಗಳಿಗೆ ಲೇಬಲ್ ಹಚ್ಚಬಹುದು. ವರ್ಕ್‌ಶಾಪ್ ಮುಚ್ಚಿದ ಮೇಲೆ ಬಂದ ಸಂದೇಶಕ್ಕೆ ತಾನೇ ಉತ್ತರ ಹೋಗುವಂತೆಯೂ ಮಾಡಬಹುದು.

ಆದರೆ ಬೇರ್ಪಡಿಕೆ ವಾಟ್ಸ್‌ಆ್ಯಪ್‌ನಲ್ಲಿಗೇ ಮುಗಿಯುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಸೆಕ್ಯೂರ್ ಫೋಲ್ಡರ್ ಎಂಬುದಿದೆ. ಅದರೊಳಗೆ ಹಾಕಿದ ಆ್ಯಪ್, ಫೋಟೋ, ಕಡತಗಳು ಬೇರೆಯದೇ ಪಾಸ್‌ವರ್ಡ್‌ನ ಹಿಂದೆ ಇರುತ್ತವೆ, ಹೊರಗಿನ ಗ್ಯಾಲರಿಯಲ್ಲಿ ಕಾಣಿಸುವುದೇ ಇಲ್ಲ. ಅದೇ ಆ್ಯಪ್‌ನ ಎರಡನೆಯ ಪ್ರತಿಯನ್ನು ಅದರೊಳಗೆ ಬೇರೆ ಖಾತೆಯೊಂದಿಗೆ ಇಟ್ಟುಕೊಳ್ಳಲೂಬಹುದು. ಪಾರ್ಟಿಯ ಡ್ರಾಯಿಂಗ್‌ಗಳು ಅವರ ಆಸ್ತಿ; ಮನೆಯಲ್ಲಿ ಮಗಳು ಫೋಟೋ ನೋಡಲು ಫೋನ್ ಎತ್ತಿಕೊಂಡಾಗ ಅವು ಕಣ್ಣಿಗೆ ಬೀಳಬಾರದು, ಕೈತಪ್ಪಿ ಮದುವೆಯ ಗುಂಪಿಗೆ ಹೋಗಲೂಬಾರದು. ಐಫೋನ್‌ನಲ್ಲಿ ಅದನ್ನು ನಡೆಸುವ ತಂತ್ರಾಂಶವಾದ ಐಒಎಸ್‌ನ 2024ರ ಆವೃತ್ತಿ ಐಒಎಸ್ 18ರಿಂದ ಆ್ಯಪ್‌ಗಳಿಗೆ ಬೀಗ ಹಾಕಬಹುದು, ಅವುಗಳನ್ನು ಬಚ್ಚಿಡಲೂಬಹುದು. ಆದರೆ ಎರಡನೆಯ ಫೋನ್ ಒಳಗಿದ್ದಂತಹ ಪ್ರತ್ಯೇಕ ಜಾಗ ಅದರಲ್ಲಿ ಇಲ್ಲ.

ಎಷ್ಟು ವರ್ಷ ಬಾಳುತ್ತದೆ ಎಂಬುದರಲ್ಲಿ ಮೊದಲಿದ್ದ ಅಂತರ ಈಗಿಲ್ಲ. 2024ರ ಎಸ್24 ಸರಣಿಯಿಂದ ಸ್ಯಾಮ್‌ಸಂಗ್ ಈ ದರ್ಜೆಯ ಫೋನ್‌ಗಳಿಗೆ ಏಳು ವರ್ಷಗಳ ಅಪ್‌ಡೇಟ್‌ಗಳ ಮಾತು ಕೊಟ್ಟಿದೆ. ಆ್ಯಪಲ್ ಹಳೆಯ ಫೋನ್‌ಗಳನ್ನು ನೋಡಿಕೊಳ್ಳುವ ರೀತಿ ಎಂದಿನಿಂದಲೂ ಒಳ್ಳೆಯದೇ: 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಒಎಸ್ 18 ಕೂಡ ಬಂದಿತು. ಗೂಗಲ್ ಕೂಡ 2023ರ ಪಿಕ್ಸೆಲ್ 8ರಿಂದ ಏಳು ವರ್ಷವೆಂದಿದೆ. ನಿಮ್ಮ ಪಟ್ಟಿಯಲ್ಲಿ ಅದಿಲ್ಲವಾದ್ದರಿಂದ ಮುಂದುವರಿಸುವುದಿಲ್ಲ.

ಐಫೋನ್ ಪರವಾಗಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಕೂಲಂಟ್ (ಮಶೀನಿನ ಕೆಲಸದಲ್ಲಿ ತಂಪಾಗಿಸಲು ಹರಿಸುವ ದ್ರವ), ಎಣ್ಣೆ ಮೆತ್ತಿಕೊಂಡ ಬೆರಳು ಬೆರಳಚ್ಚಿನ ಸೆನ್ಸರ್‌ಗೆ ಆಗಿಬರುವುದಿಲ್ಲ. ಐಫೋನ್ ಮುಖ ನೋಡಿ ತೆರೆದುಕೊಳ್ಳುತ್ತದೆ, ಬ್ಯಾಂಕಿನ ಆ್ಯಪ್‌ಗಳೂ ಫೇಸ್ ಐಡಿಯನ್ನು ಒಪ್ಪುತ್ತವೆ. ಸ್ಯಾಮ್‌ಸಂಗ್ ಮುಖದಿಂದ ತೆರೆದುಕೊಂಡರೂ ಅದು ಬರೀ ಮುಂದಿನ ಕ್ಯಾಮೆರಾ ನಂಬಿದ ವ್ಯವಸ್ಥೆಯಾದ್ದರಿಂದ ಬ್ಯಾಂಕಿನ ಆ್ಯಪ್‌ಗಳು ಸಾಮಾನ್ಯವಾಗಿ ಬೆರಳಚ್ಚನ್ನೇ ಕೇಳುತ್ತವೆ. ಮಶೀನಿನ ಹತ್ತಿರ ದಿನವಿಡೀ ನಿಲ್ಲುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ವರ್ನಿಯರ್‌ನ ಫೋಟೋ ವಿಷಯದಲ್ಲಿಯೂ ಐಫೋನ್ 17ರ ಮ್ಯಾಕ್ರೋ ಬಹಳ ಹತ್ತಿರದಿಂದ ಗೆರೆ ಗೆರೆಯನ್ನೂ ಹಿಡಿಯುತ್ತದೆ. ಎಸ್25ರಲ್ಲಿ ಮೂರು ಪಟ್ಟು ಹಿಗ್ಗಿಸುವ ಪ್ರತ್ಯೇಕ ಲೆನ್ಸ್ ಇರುವುದರಿಂದ ಸ್ವಲ್ಪ ದೂರ ನಿಂತು, ಕ್ಯಾಲಿಪರ್ ಮೇಲೆ ಫೋನಿನ ನೆರಳು ಬೀಳದಂತೆ ತೆಗೆಯಬಹುದು. ಎರಡರಲ್ಲೂ ಕೆಲಸ ಆಗುತ್ತದೆ. ಐಫೋನ್ ಕೊಂಡರೆ ಮಾತ್ರ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಮೊದಲ ದಿನವೇ ಆರಿಸಿಡಿ. ಇಲ್ಲವಾದರೆ ಫೋಟೋಗಳು ಎಚ್ಇಐಸಿ ರೂಪದಲ್ಲಿ ಉಳಿದು, ಇಮೇಲ್ ಮಾಡಿದಾಗಲೋ ಕೇಬಲ್‌ನಿಂದ ನಕಲಿಸಿದಾಗಲೋ ಪಾರ್ಟಿಯ ಹಳೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ತೆರೆದುಕೊಳ್ಳದೆ ಹೋಗಬಹುದು.

ಡೊಂಬಿವಲಿ, ಮುಂಬಯಿ ಕಡೆಯಿಂದ

ಹಿಂಜವಡಿಯ ತಂಗಿ ಬರೆದದ್ದು ಸರಿಯಾಗಿದೆ. ನಾನು ಹೋಟೆಲ್ ವ್ಯಾಪಾರದವನು, ಊರು ಕುಂದಾಪುರದ ಕಡೆ. ನನ್ನದು ಒಂದೇ ಎಚ್ಚರಿಕೆಯ ಮಾತು. ನಮ್ಮ ಕರಾವಳಿಯವರಲ್ಲಿ ದುಬೈಯಿಂದ ಬರುವ ನೆಂಟರ ಕೈಯಲ್ಲಿ ಐಫೋನ್ ತರಿಸುವ ರೂಢಿಯಿದೆ, ನಿಮಗೂ ಯಾರಾದರೂ ಹಾಗೆ ಸಲಹೆ ಕೊಡಬಹುದು. ಐಫೋನ್ 17 ಸರಣಿಯಲ್ಲಿ ಯುಎಇ, ಸೌದಿ, ಕತಾರ್, ಕುವೈತ್, ಓಮನ್, ಬಹ್ರೇನ್‌ಗಳಲ್ಲಿ ಮಾರುವ ಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಅವು ಇ-ಸಿಮ್‌ನಿಂದ ಮಾತ್ರ ನಡೆಯುತ್ತವೆ. ನಾಲ್ಕು ಸಾವಿರ ಉಳಿಯಿತೆಂದು ತರಿಸಿ, ಆಮೇಲೆ ಎರಡು ನಂಬರನ್ನೂ ಇ-ಸಿಮ್‌ಗೆ ಬದಲಿಸಲು ಕಂಪನಿಯ ಅಂಗಡಿಗೆ ಅಲೆದವರನ್ನು ನೋಡಿದ್ದೇನೆ.

ಇ-ಸಿಮ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕದ್ದ ಫೋನಿನಿಂದ ಅದನ್ನು ಕಿತ್ತು ಬಿಸಾಡಲಾಗದು ಎಂಬುದು ಅದರ ಒಳ್ಳೆಯ ಗುಣ. ಆದರೆ ವ್ಯಾಪಾರದ ನಂಬರಿನ ಲೆಕ್ಕ ಬೇರೆ. ಫೋನ್ ನೀರಿಗೆ ಬಿದ್ದು ಸತ್ತರೆ ನ್ಯಾನೋ ಸಿಮ್ಮನ್ನು ತೆಗೆದು ಮೇಜಿನ ಡ್ರಾಯರ್‌ನಲ್ಲಿರುವ ಯಾವ ಹಳೆಯ ಸೆಟ್‌ಗಾದರೂ ಹಾಕಿದರೆ ಐದು ನಿಮಿಷದಲ್ಲಿ ಆರ್ಡರ್‌ಗಳು ಮತ್ತೆ ಬರತೊಡಗುತ್ತವೆ. ಇ-ಸಿಮ್ ಆಗಿದ್ದರೆ ಅದನ್ನು ಒಪ್ಪುವ ಇನ್ನೊಂದು ಫೋನ್ ಬೇಕು, ಕಂಪನಿಯ ದೃಢೀಕರಣವೂ ಬೇಕು. ಆದ್ದರಿಂದ ಐಫೋನೇ ಕೊಂಡರೂ ವ್ಯಾಪಾರದ ನಂಬರನ್ನು ನ್ಯಾನೋ ಸಿಮ್ ಆಗಿ ಇಟ್ಟು, ಮನೆಯ ನಂಬರನ್ನು ಇ-ಸಿಮ್ ಮಾಡಿಸಿ. ಅದನ್ನೂ ಕಂಪನಿಯ ಅಂಗಡಿಯಲ್ಲೇ ಮಾಡಿಸಿ. ಫೋನ್ ಮಾಡಿ ಇ-ಸಿಮ್ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಎನ್ನುವವರಿಗೆ ಒಂದಕ್ಷರವನ್ನೂ ಹೇಳಬೇಡಿ.

ರಿಪೇರಿಯ ಬಗ್ಗೆ: ಆ್ಯಪಲ್‌ನ ಸ್ವಂತ ಮಳಿಗೆ ಮುಂಬಯಿಯ ಬಿಕೆಸಿಯಲ್ಲಿ 2023ರ ಏಪ್ರಿಲ್‌ನಿಂದಿದೆ, ಪುಣೆಯ ಕೋರೆಗಾಂವ್ ಪಾರ್ಕ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ತೆರೆದಿದ್ದಾರೆ. ನಿಮಗೆ ಈಗ ಆ ಕೊರತೆಯಿಲ್ಲ.

ವಾಸ್ಕೋ, ಗೋವಾ

ನಾನು ಕಟ್ಟಡದ ಗುತ್ತಿಗೆ ಮಾಡುವವನು, ಬಾಗಲಕೋಟೆಯಿಂದ ಬಂದು ಇಲ್ಲಿ ನೆಲೆಸಿದ್ದೇನೆ. ಐಪಿ68 (ಧೂಳು, ನೀರು ತಡೆಯುವ ಮಟ್ಟದ ಗುರುತು) ಎಂದು ಬರೆದಿರುವುದನ್ನು ನೋಡಿ ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. ಆ ಪರೀಕ್ಷೆ ಸಿಹಿನೀರಿನಲ್ಲಿ, ನಿಂತ ನೀರಿನಲ್ಲಿ ನಡೆಯುವುದು. ಸಮುದ್ರದ ಉಪ್ಪುನೀರಿಗೆ ಅಥವಾ ನಿಮ್ಮ ಕೂಲಂಟ್‌ಗೆ ಅದು ಭರವಸೆಯಲ್ಲ. ಫೋನ್ ಹಳತಾದಂತೆ ಒಳಗಿನ ಸೀಲ್ ಸಡಿಲಾಗುತ್ತದೆ; ನೀರು ಹೊಕ್ಕು ಕೆಟ್ಟರೆ ಸಾಮಾನ್ಯ ವಾರಂಟಿಯಲ್ಲಿ ಯಾವ ಕಂಪನಿಯೂ ಹೊಣೆ ಹೊರುವುದಿಲ್ಲ. ಇದರಲ್ಲಿ ಐಫೋನ್, ಸ್ಯಾಮ್‌ಸಂಗ್ ಎಂಬ ಭೇದವಿಲ್ಲ.

ನನಗೆ ಅನಿಸುವುದೇನೆಂದರೆ, ಎಂಬತ್ತು ಸಾವಿರದ ಗಾಜಿನ ಫೋನನ್ನು ಮಶೀನಿನ ಪಕ್ಕ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಕ್ಸ್‌ಕವರ್7 ಎಂಬ ಫೋನ್ 2024ರಲ್ಲಿ ಬಂದಿದೆ. ಕೈಯಿಂದಲೇ ಬಿಚ್ಚಿ ಬದಲಿಸಬಹುದಾದ ಬ್ಯಾಟರಿ, ಐಪಿ68, ಸೇನೆಯ ಮಾನದಂಡದ ಗಟ್ಟಿತನದ ಪರೀಕ್ಷೆ, ಕೈಗವಸು ಹಾಕಿಕೊಂಡೇ ಒತ್ತಬಹುದಾದ ಪರದೆ, ಎಲ್ಲವೂ ಅದರಲ್ಲಿವೆ. ಬೆಲೆಯೂ ಎಸ್25ರ ಅರ್ಧಕ್ಕಿಂತ ಕಡಿಮೆ. ಸೈಟಿನಲ್ಲಿ ಅದನ್ನೇ ಬಳಸುತ್ತಿದ್ದೇನೆ. ಮಳೆಗಾಲದಲ್ಲಿ ಸಿಮೆಂಟಿನ ಕೈಯಲ್ಲೂ ನಡೆಯುತ್ತದೆ. ಕ್ಯಾಮೆರಾ ಸಾಧಾರಣ, ಆದರೆ ಚಲನ್ ಫೋಟೋಗೆ ಸಾಕು. ಎರಡು ಫೋನ್ ಬೇಡವೆಂದೇ ನೀವು ಕೇಳಿದ್ದೀರಿ, ಆದರೂ ಯೋಚಿಸಿ.

ಭೋಸರಿ ವರ್ಕ್‌ಶಾಪ್, ಪುಣೆ

ಎಲ್ಲರಿಗೂ ಧನ್ಯವಾದಗಳು. ದುಬೈ ಫೋನಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಸೋದರಳಿಯ ಅಲ್ಲೇ ಇದ್ದಾನೆ, ಅವನಿಗೆ ಬೇಡವೆಂದು ಹೇಳುತ್ತೇನೆ. ವಾಸ್ಕೋದ ಅಣ್ಣನವರ ಸಲಹೆ ಯೋಗ್ಯವಾಗಿದ್ದರೂ ಎರಡು ಫೋನ್‌ಗಳನ್ನು ಚಾರ್ಜ್ ಮಾಡುವ, ಎರಡನ್ನೂ ಜೋಪಾನ ಮಾಡುವ ತಾಪತ್ರಯದಿಂದ ಹೊರಬರಬೇಕೆಂಬುದೇ ನನ್ನ ಆಸೆ.

ಹಿಂಜವಡಿಯ ಮೇಡಂ ಅವರಿಗೆ ಇನ್ನೂ ಮೂರು ಪ್ರಶ್ನೆಗಳಿವೆ. ಕರೆ ರೆಕಾರ್ಡಿಂಗ್ ಎರಡರಲ್ಲೂ ಒಂದೇ ಬಗೆಯದೇ? ಹಳೆಯ ವಾಟ್ಸ್‌ಆ್ಯಪ್ ಮಾತುಕತೆಗಳು, ಮುಖ್ಯವಾಗಿ ಹಳೆಯ ಡ್ರಾಯಿಂಗ್‌ಗಳು, ಹೊಸ ಫೋನಿಗೆ ಬರುತ್ತವೆಯೇ? ನಾನು ಜಾತ್ರೆಗೆಂದು ಊರಿಗೆ ಹೋದಾಗ ಸೂಪರ್‌ವೈಸರ್ ವ್ಯಾಪಾರದ ಸಂದೇಶಗಳಿಗೆ ಉತ್ತರ ಕೊಡುವಂತೆ ಮಾಡಬಹುದೇ?

ಹಿಂಜವಡಿ, ಪುಣೆ

ಸರ್, ಕರೆ ರೆಕಾರ್ಡಿಂಗ್ ಒಂದೇ ಬಗೆಯದಲ್ಲ. ಐಫೋನ್‌ಗೆ ಈ ಸೌಲಭ್ಯ ಬಂದಿದ್ದೇ 2024ರ ಅಕ್ಟೋಬರ್‌ನ ಐಒಎಸ್ 18.1ರಲ್ಲಿ. ಪ್ರತಿ ಕರೆಯಲ್ಲೂ ಗುಂಡಿ ಒತ್ತಬೇಕು, ಒತ್ತಿದೊಡನೆ ರೆಕಾರ್ಡ್ ಆಗುತ್ತಿದೆಯೆಂದು ಎರಡೂ ಕಡೆಯವರಿಗೆ ಕೇಳಿಸುತ್ತದೆ, ಮುಗಿದ ಮೇಲೆ ನೋಟ್ಸ್‌ನಲ್ಲಿ ಉಳಿಯುತ್ತದೆ. ಸ್ಯಾಮ್‌ಸಂಗ್‌ನ ಸ್ವಂತ ಫೋನ್ ಆ್ಯಪ್‌ನಲ್ಲಿ ಎಲ್ಲ ಕರೆಗಳೂ ತಾವಾಗಿಯೇ ರೆಕಾರ್ಡ್ ಆಗುವಂತೆ, ಅಥವಾ ನೀವು ಆರಿಸಿದ ನಂಬರುಗಳದ್ದು ಮಾತ್ರ ಆಗುವಂತೆ ಇಡಬಹುದು. ಪ್ಲೇ ಸ್ಟೋರ್‌ನಲ್ಲಿ ಸಿಗುವ ಬೇರೆ ರೆಕಾರ್ಡಿಂಗ್ ಆ್ಯಪ್‌ಗಳ ಗೊಡವೆಗೆ ಹೋಗಬೇಡಿ. ಅವು ಬಳಸುತ್ತಿದ್ದ ದಾರಿಯನ್ನು ಗೂಗಲ್ 2022ರ ಮೇ ತಿಂಗಳಲ್ಲೇ ಮುಚ್ಚಿದೆ. ಯಾವ ಫೋನಾದರೂ ರೆಕಾರ್ಡ್ ಮಾಡುತ್ತಿದ್ದೇನೆಂದು ಎದುರಿನವರಿಗೆ ಮೊದಲೇ ಹೇಳುವುದು ಯೋಗ್ಯ. ಅದಕ್ಕಿಂತಲೂ ಗಟ್ಟಿಯಾದ ದಾರಿಯೆಂದರೆ, ಕರೆ ಮುಗಿದ ಕೂಡಲೇ ಒಪ್ಪಿದ ದರ, ಸಂಖ್ಯೆ, ತಲುಪಿಸುವ ದಿನ ಇಷ್ಟನ್ನು ಅದೇ ಪಾರ್ಟಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಸರಿಯೆಂದು ಅವರಿಂದ ಉತ್ತರ ಪಡೆಯುವುದು.

ಹಳೆಯ ಮಾತುಕತೆಗಳು ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಸರಾಗವಾಗಿ ಬರುತ್ತವೆ. ಐಫೋನ್‌ಗೂ ತರಬಹುದು, ಆದರೆ ಮೂವ್ ಟು ಐಒಎಸ್ ಎಂಬ ಆ್ಯಪ್ ಮೂಲಕ, ಅದೂ ಐಫೋನ್ ಹೊಸದಾಗಿದ್ದಾಗ ಅಥವಾ ಪೂರ್ತಿ ಅಳಿಸಿ ಮೊದಲಿನಿಂದ ಹೊಂದಿಸುವಾಗ ಮಾತ್ರ. ಅಂಗಡಿಯವರು ಫೋನನ್ನು ಅವಸರದಲ್ಲಿ ಹೊಂದಿಸಿಕೊಟ್ಟುಬಿಟ್ಟರೆ ಆಮೇಲೆ ಅಳಿಸಿ ಮತ್ತೆ ಮಾಡಬೇಕಾಗುತ್ತದೆ. ಬ್ಯಾಕಪ್‌ನ ಜಾಗದ ವಿಷಯವೂ ಇದೆ: ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಆ್ಯಪಲ್‌ನ ಐಕ್ಲೌಡ್ 5 ಜಿಬಿ. ಡ್ರಾಯಿಂಗ್‌ಗಳೆಲ್ಲ ಸೇರಿದರೆ ಎರಡೂ ಸಾಲವು. ತಿಂಗಳ ಬಾಡಿಗೆ ಕಟ್ಟಬೇಕು, ಇಲ್ಲವೇ ಡ್ರಾಯಿಂಗ್‌ಗಳನ್ನು ಕಂಪ್ಯೂಟರ್‌ನಲ್ಲಿ ಪಾರ್ಟಿವಾರು ತೆಗೆದಿಡಬೇಕು. ಎರಡನೆಯದೇ ಒಳ್ಳೆಯದು, ವಾಟ್ಸ್‌ಆ್ಯಪ್ ಕಡತಗಳ ಕಪಾಟಲ್ಲ.

ಸೂಪರ್‌ವೈಸರ್ ಉತ್ತರ ಕೊಡುವ ವಿಷಯ: ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ನಿಮ್ಮ ಹಳೆಯ ಫೋನ್‌ಗಳಲ್ಲಿ ಅಪ್‌ಡೇಟ್ ಇನ್ನೂ ಬರುತ್ತಿರುವುದನ್ನು ವರ್ಕ್‌ಶಾಪ್‌ನ ಮೇಜಿನ ಮೇಲೆ ಚಾರ್ಜರ್‌ಗೆ ಸಿಕ್ಕಿಸಿಟ್ಟು, ಸಿಮ್ ಇಲ್ಲದೆ ವೈ-ಫೈನಲ್ಲಿ ಜೋಡಿಸಿಡಿ. ವ್ಯಾಪಾರದ ಸಂದೇಶಗಳು ಮಾತ್ರ ಅಲ್ಲಿ ಕಾಣುತ್ತವೆ, ನಿಮ್ಮ ಮನೆಯ ವಿಷಯ ಒಂದೂ ಕಾಣುವುದಿಲ್ಲ. ಮುಖ್ಯ ಫೋನನ್ನು 14 ದಿನಗಳಿಗಿಂತ ಹೆಚ್ಚು ಕಾಲ ಬಳಸದಿದ್ದರೆ ಜೋಡಿಸಿದವು ತಾವಾಗಿ ಕಳಚಿಕೊಳ್ಳುತ್ತವೆ. ಇನ್ನೊಂದು ಸಂಗತಿ: ವಾಟ್ಸ್‌ಆ್ಯಪ್‌ನಂತಹ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನಲ್ಲಿದ್ದರೆ ಮಾತ್ರ ನಡೆಯಬೇಕು, ಕಂಪ್ಯೂಟರ್‌ನ ವೆಬ್ ಆವೃತ್ತಿ ಆರು ಗಂಟೆಗೊಮ್ಮೆ ಲಾಗ್‌ಔಟ್ ಆಗಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ಆದ್ದರಿಂದ ವ್ಯಾಪಾರದ ಸಿಮ್ಮನ್ನು ಮುಖ್ಯ ಫೋನಿನಿಂದ ತೆಗೆದು ಬೇರೆಡೆ ಹಾಕುವ ಯೋಚನೆ ಬೇಡ. ಯುಪಿಐ ಆ್ಯಪ್‌ಗಳಿಗೂ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು.

ಕನ್ನಡ, ಮರಾಠಿ ಬರವಣಿಗೆಗೆ ಎರಡರಲ್ಲೂ ಕೀಲಿಮಣೆಗಳಿವೆ. ಮಶೀನಿನ ಹತ್ತಿರ ಟೈಪ್ ಮಾಡಲಾಗದಾಗ ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಕನ್ನಡವನ್ನಾಗಲೀ ಮರಾಠಿಯನ್ನಾಗಲೀ ಮಾತಾಡಿಯೇ ಬರೆಸಬಹುದು. ಕನ್ನಡಕ್ಕೆ 2017ರಲ್ಲೇ ಬಂದ ಈ ಸೌಲಭ್ಯ ಈಗ ಚೆನ್ನಾಗಿ ಪಳಗಿದೆ.

ನಿಮ್ಮ ಕೆಲಸದ ರೀತಿಗೆ ನನ್ನ ಮತ ಎಸ್25ಕ್ಕೆ. ಮುಖ ನೋಡಿ ತೆರೆಯುವ ಅನುಕೂಲವನ್ನು ನೀವು ಕಳೆದುಕೊಳ್ಳುತ್ತೀರಿ, ಅದು ನಿಜವಾದ ನಷ್ಟವೇ. ಆದರೆ ಎರಡು ನ್ಯಾನೋ ಸಿಮ್, ಸೆಕ್ಯೂರ್ ಫೋಲ್ಡರ್ ಮತ್ತು ತಾನಾಗಿ ಆಗುವ ರೆಕಾರ್ಡಿಂಗ್, ಈ ಮೂರೂ ನೀವು ಕೇಳಿದ್ದಕ್ಕೆ ನೇರ ಉತ್ತರಗಳು. ಬ್ಯಾಟರಿ 4,000 ಎಂಎಎಚ್ ಮಾತ್ರ, ದೊಡ್ಡದಲ್ಲ. ಕರೆಗಳು ಬಹಳವಿದ್ದರೆ ಸಂಜೆ ಒಮ್ಮೆ ಚಾರ್ಜ್ ಮಾಡಬೇಕಾದೀತು.

ಭೋಸರಿ ವರ್ಕ್‌ಶಾಪ್, ಪುಣೆ

ಮನಸ್ಸು ಎಸ್25ರ ಕಡೆಗೇ ವಾಲಿದೆ, ಮಗಳಿಗೂ ಓದಿ ಹೇಳಿದೆ. ಕೊನೆಯದಾಗಿ ಒಂದು ಪ್ರಶ್ನೆ: ಬಿಲ್ ನನ್ನ ಹೆಸರಿನಲ್ಲಿರಬೇಕೇ, ವರ್ಕ್‌ಶಾಪ್ ಹೆಸರಿನಲ್ಲಿರಬೇಕೇ? ಮನೆಗೂ ಬಳಸುವ ಫೋನಿನ ಮೇಲೆ ಜಿಎಸ್‌ಟಿ ಹಿಂದಕ್ಕೆ ಪಡೆಯಬಹುದೇ?

ಮುಲುಂಡ್, ಮುಂಬಯಿ

ನಾನು ಲೆಕ್ಕಪರಿಶೋಧನೆಯ ವೃತ್ತಿಯವನಾದ್ದರಿಂದ ಇದಕ್ಕೆ ಉತ್ತರಿಸುತ್ತೇನೆ. ಮೊಬೈಲ್ ಫೋನ್ ಮೇಲೆ 2020ರ ಏಪ್ರಿಲ್ 1ರಿಂದ ಶೇ 18ರಷ್ಟು ಜಿಎಸ್‌ಟಿ ಇದೆ. ಅಂದರೆ 80,999 ರೂಪಾಯಿಯ ಫೋನಿನಲ್ಲಿ ಸುಮಾರು 12,355 ರೂಪಾಯಿ ತೆರಿಗೆಯೇ. ನೀವು ಸಾಮಾನ್ಯ ಯೋಜನೆಯಲ್ಲಿ ನೋಂದಾಯಿಸಿಕೊಂಡಿದ್ದರೆ ವರ್ಕ್‌ಶಾಪ್‌ನ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಹಾಕಿಸಿ ಬಿಲ್ ಮಾಡಿಸಿ. ವ್ಯಾಪಾರಕ್ಕೆ ಬಳಸುವ ಭಾಗಕ್ಕೆ ಸಂಬಂಧಿಸಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತೆ, ಪಡೆಯಬಹುದು. ಮನೆಯ ಬಳಕೆಯ ಪಾಲನ್ನು ಬಿಡಬೇಕು. ಎಷ್ಟು ಪಾಲು ಎಂಬುದನ್ನು ನಿಮ್ಮ ಆಡಿಟರ್ ಜೊತೆ ಕೂತು ಒಂದು ಕಾರಣದೊಂದಿಗೆ ಬರೆದಿಟ್ಟುಕೊಳ್ಳಿ. ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸರಳ ಯೋಜನೆ) ಕ್ರೆಡಿಟ್ ಸಿಗುವುದಿಲ್ಲ. ಡೊಂಬಿವಲಿಯ ಹೋಟೆಲಿನವರಿಗೂ ಇದು ಅನ್ವಯಿಸದು, ಏಕೆಂದರೆ ಊಟದ ಮೇಲೆ ಶೇ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೆ 2017ರ ನವೆಂಬರ್‌ನಿಂದ ಇನ್‌ಪುಟ್ ಕ್ರೆಡಿಟ್ ಇಲ್ಲ.

ಕ್ರೆಡಿಟ್ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ (ಬಳಕೆಯಿಂದ ಸವೆದ ಬೆಲೆಗೆ ವರ್ಷ ವರ್ಷ ಸಿಗುವ ಕಡಿತ) ತೆಗೆದುಕೊಳ್ಳುವಂತಿಲ್ಲ. ಉಳಿದ ಬೆಲೆಯ ಮೇಲೆ ಆದಾಯ ತೆರಿಗೆಯಲ್ಲಿ ಶೇ 15ರ ಸವಕಳಿ ಸಿಗುತ್ತದೆ, ಇಲ್ಲಿಯೂ ವ್ಯಾಪಾರದ ಪಾಲಿಗೆ ಮಾತ್ರ. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಕಂಪ್ಯೂಟರ್‌ಗೆ ಸಿಗುವ ಶೇ 40ರ ದರವನ್ನು ಫೋನಿಗೂ ಹಾಕುವವರಿದ್ದಾರೆ, ಹಾಗೆ ಮಾಡಬೇಡಿ. ಅಂಗಡಿಯಲ್ಲಿ ಬಿಲ್ ಆಗುವ ಮೊದಲೇ ಜಿಎಸ್‌ಟಿ ಸಂಖ್ಯೆ ಹೇಳಿ, ಏಕೆಂದರೆ ಹೆಸರು ಬದಲಿಸಿ ಎರಡನೆಯ ಬಿಲ್ ಕೊಡಲು ಬಹಳ ಅಂಗಡಿಯವರು ಒಪ್ಪುವುದಿಲ್ಲ. ಬಿಲ್ಲಿನ ಮೇಲೆ ಫೋನಿನ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಮುಂದಿನ ತಿಂಗಳು ಆ ಬಿಲ್ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಪ್ರತಿ ತಿಂಗಳು ಸಿದ್ಧಪಡಿಸುವ ಪಟ್ಟಿ) ಕಾಣಿಸಿಕೊಂಡ ಮೇಲೆಯೇ ಕ್ರೆಡಿಟ್ ತೆಗೆದುಕೊಳ್ಳಿ. ಕಾಣಿಸದಿದ್ದರೆ ಅಂಗಡಿಯವರು ರಿಟರ್ನ್‌ನಲ್ಲಿ ತೋರಿಸಿಲ್ಲವೆಂದರ್ಥ, ಕೂಡಲೇ ಅವರನ್ನು ಕೇಳಿ.